ಎಷ್ಟು ಬಂತು ಅಂತ ಕೇಳ್ತೀರಿ, ಯಾವ ಭಾಷೆಯಲ್ಲಿ ಬರೆದೆ ಅಂತ ಯಾಕೆ ಕೇಳಲ್ಲ?

(ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ವಿದ್ಯಾರ್ಥಿಗಳ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಪಾಠ ಹೇಳುವ ಮೇಷ್ಟ್ರಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ದುಡಿಯುವವನು. ನನ್ನಂಥವನನ್ನು ಕರೆದು ಪ್ರತಿಭಾವಂತರ ಮುಂದೆ ಮೈಕ್ ಕೊಟ್ಟಿದ್ದೀರಿ. ಹಾರ, ಶಾಲು, ಫಲಕ ಎಲ್ಲ ಆಯಿತು. ಇನ್ನು ಹತ್ತಿಪ್ಪತ್ತು ನಿಮಿಷ ನನ್ನ ಮಾತನ್ನು ಸಹಿಸಿಕೊಳ್ಳಿ. ಈ ಸಲ ನಾನು ಕದಂಬ, ಹೊಯ್ಸಳ ಅಂತ ಶುರು ಮಾಡುವುದಿಲ್ಲ. ನಿಮ್ಮ ಜೇಬಿನಲ್ಲಿರುವ ಅಂಕಪಟ್ಟಿಯ ಬಗ್ಗೆ ಮಾತಾಡುತ್ತೇನೆ.

ಫಲಿತಾಂಶ ಬಂದ ದಿನ ನಮ್ಮ ಬೀದಿಗಳಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ಹಾಲಿನ ಅಂಗಡಿಯಿಂದ ಹಿಡಿದು ದೇವಸ್ಥಾನದ ಕಟ್ಟೆಯವರೆಗೆ ಒಂದೇ ಪ್ರಶ್ನೆ: ‘ಎಷ್ಟು ಬಂತು?’ ಮೇಲಿನ ಮನೆಯವರ ಮಗನಿಗೆ ತೊಂಬತ್ಮೂರು, ಕೆಳಗಿನ ಮನೆಯವರ ಮಗಳಿಗೆ ಎಪ್ಪತ್ತೆಂಟು. ಅಲ್ಲಿಗೆ ತೀರ್ಪು ಆಗಿಹೋಯಿತು! ಅವನು ಬುದ್ಧಿವಂತ, ಇವಳು ಪರವಾಗಿಲ್ಲ. ಅವನು ಯಾವ ಶಾಲೆಯಲ್ಲಿ ಓದಿದ, ಇವಳು ಯಾವ ಭಾಷೆಯಲ್ಲಿ ಓದಿದಳು ಅಂತ ಒಬ್ಬರೂ ಕೇಳುವುದಿಲ್ಲ.

ನಾನು ಕೇಳುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ನಿನ್ನೆಯವರೆಗೆ ವೇಗೋತ್ಕರ್ಷ ಆಗಿದ್ದದ್ದು ಇವತ್ತು ಆಕ್ಸಿಲರೇಷನ್. ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥೆಸಿಸ್. ಲಸಾಅ ಹೋಗಿ ಎಲ್‌ಸಿಎಂ. ಗೊತ್ತಿರುವ ವಿಷಯವೇ ಗುರುತು ಸಿಗದ ಹಾಗೆ ವೇಷ ಹಾಕಿಕೊಂಡು ಎದುರಿಗೆ ನಿಲ್ಲುತ್ತದೆ. ಮೊದಲ ಮೂರು ತಿಂಗಳು ಅವಳು ಓದುವುದು ಭೌತಶಾಸ್ತ್ರವನ್ನಲ್ಲ ಕಣ್ರೀ, ನಿಘಂಟನ್ನು. ಪಕ್ಕದ ಬೆಂಚಿನವನು ಎಲ್‌ಕೆಜಿಯಿಂದ ಅದೇ ಪದ ಕೇಳಿಕೊಂಡು ಬಂದವನು. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೂರು ಗಂಟೆ. ಇವಳ ಎಪ್ಪತ್ತೆಂಟನ್ನು ಅವನ ತೊಂಬತ್ಮೂರರ ಪಕ್ಕ ಇಟ್ಟು ತೂಗುತ್ತೀರಲ್ಲ, ಅದು ಯಾವ ತಕ್ಕಡಿ?

ಇನ್ನೊಂದು ತಮಾಷೆ ಕೇಳಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ‘ಕನ್ನಡ ತೊಗೊಂಡ್ರೆ ಮಾರ್ಕ್ಸ್ ಬರಲ್ಲ, ಸಂಸ್ಕೃತ ತೊಗೋ’ ಅಂತ ಹೇಳುವ ಅಪ್ಪ ಅಮ್ಮಂದಿರು ಈ ಸಭೆಯಲ್ಲೂ ಇರಬಹುದು. ಸಂಸ್ಕೃತದ ಪ್ರಶ್ನೆಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರೆಯಬಹುದು ಅನ್ನುವುದೂ ಅವರಿಗೆ ಗೊತ್ತು. ಸಂಸ್ಕೃತದ ಮೇಲೆ ನನಗೆ ಸಿಟ್ಟಿಲ್ಲ. ಕಾಳಿದಾಸನನ್ನು ಓದಲಿಕ್ಕೆ ಅಂತ ಸಂಸ್ಕೃತ ತೆಗೆದುಕೊಂಡವನಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ. 125ಕ್ಕೆ 125 ಬರಲಿ ಅಂತ ತೆಗೆದುಕೊಂಡವನಿಗೆ ಏನು ಹೇಳಲಿ? 1981ರಲ್ಲಿ ಗೋಕಾಕ್ ಸಮಿತಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ, ಅದಕ್ಕೆ 150 ಅಂಕ ಇರಲಿ ಅಂದಿತ್ತು. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದು ಊರೂರು ಸುತ್ತಿದ್ದು ಇದಕ್ಕೇ. ನಿಮ್ಮ ತಾತಂದಿರು ಆ ಮೆರವಣಿಗೆಯಲ್ಲಿ ನಡೆದಿರಬಹುದು, ಮನೆಗೆ ಹೋಗಿ ಕೇಳಿ.

ಹಾಗೆ ಬಾಚಿಕೊಂಡ ಭಾಷೆಯ ಅಂಕ ಪಿಯುಸಿ ಮುಗಿದ ಮೇಲೆ ಎಂಜಿನಿಯರಿಂಗ್ ಸೀಟಿನ ಹೊತ್ತಿಗೆ ಎಷ್ಟು ಕೆಲಸಕ್ಕೆ ಬರುತ್ತದೆ? ಸೊನ್ನೆ! ಸಿಇಟಿ ರ್‍ಯಾಂಕಿಗೆ ಅರ್ಧ ತೂಕ ಸಿಇಟಿಯದು, ಅರ್ಧ ತೂಕ ಪಿಯುಸಿಯದು. ಆ ಪಿಯುಸಿ ಅರ್ಧದಲ್ಲಿ ಎಣಿಸುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಮೂರೇ ವಿಷಯ. ಒಂದು ಲೆಕ್ಕ ಹೇಳುತ್ತೇನೆ, ಬೇಕಾದರೆ ಫೋನಿನಲ್ಲಿ ಕೂಡಿಸಿಕೊಳ್ಳಿ. ಒಬ್ಬ ಹುಡುಗನಿಗೆ ಸಂಸ್ಕೃತದಲ್ಲಿ 100, ಇಂಗ್ಲಿಷಿನಲ್ಲಿ 95, ಕಂಪ್ಯೂಟರಿನಲ್ಲಿ 98, ಈ ಮೂರು ವಿಷಯಕ್ಕೆ 300ಕ್ಕೆ 255 ಬಂತು ಅಂದುಕೊಳ್ಳಿ. ಒಟ್ಟು 548, ಶೇಕಡ 91 ದಾಟಿತು. ಬೀದಿಗೆಲ್ಲ ಸಿಹಿ ಹಂಚಿದರು. ಇನ್ನೊಬ್ಬ ಹುಡುಗಿಗೆ ಕನ್ನಡದಲ್ಲಿ 88, ಇಂಗ್ಲಿಷಿನಲ್ಲಿ 70, ಜೀವಶಾಸ್ತ್ರದಲ್ಲಿ 85, ಆ ಮೂರಕ್ಕೆ 264. ಒಟ್ಟು 507, ಶೇಕಡ ಎಂಬತ್ನಾಲ್ಕೂವರೆ. ಇವಳ ಮನೆಯಲ್ಲಿ ಮೌನ. ಸಿಇಟಿಯ ಪಿಯುಸಿ ಭಾಗದಲ್ಲಿ ಮುಂದಿರುವವರು ಯಾರು? ಆ ಮೌನದ ಮನೆಯ ಹುಡುಗಿ! 85ರ ಎದುರು 88. ಬೀದಿಯ ಲೆಕ್ಕ ಬೇರೆ, ಸೀಟಿನ ಲೆಕ್ಕ ಬೇರೆ. ಅದೂ ಅಲ್ಲದೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆದು ಅಂಕ ಹೆಚ್ಚಿಸಿಕೊಳ್ಳುವ ದಾರಿಯೂ ಇದೆ. ಮೊದಲ ಫಲಿತಾಂಶದ ದಿನವೇ ಮುಖ ಬಾಡಿಸಿಕೊಂಡು ಕೂರುವ ಕಾಲ ಇದಲ್ಲ.

ಈಗ ನಾನು ಬಂದ ಮುಖ್ಯ ವಿಷಯ. ಸಿಇಟಿ ಕಟ್‌ಆಫ್ ಪಟ್ಟಿಯನ್ನು ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ. ಹಾಂ, ಬಹಳ ಜನ ಇದ್ದೀರಿ. ಅದರ ನೆತ್ತಿಯಲ್ಲಿ ಸಾಲಾಗಿ ಕಾಲಂಗಳಿವೆ: 2ಎಜಿ, 2ಎಕೆ, 2ಎಆರ್. ಹಾಗೆಯೇ ಜಿಎಂ, ಜಿಎಂಕೆ, ಜಿಎಂಆರ್. ಎಸ್‌ಸಿ, ಎಸ್‌ಟಿ, ಪ್ರವರ್ಗ 1, ಎಲ್ಲದರಲ್ಲೂ ಹೀಗೇ. ಕೊನೆಯ ‘ಆರ್’ ಅಂದರೆ ಗ್ರಾಮೀಣ, ಶೇಕಡ 15. ‘ಕೆ’ ಅಂದರೆ? ಈಗ ಕೈಗಳು ಕಡಿಮೆಯಾದವು ನೋಡಿ! ‘ಕೆ’ ಅಂದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತಿ ಪ್ರವರ್ಗದ ಒಳಗೂ ಶೇಕಡ 5 ಸೀಟು. ಎಂಜಿನಿಯರಿಂಗ್‌ಗೂ ಉಂಟು, ನೀಟ್ ಮೂಲಕ ಸರ್ಕಾರಿ ಕೋಟಾದಲ್ಲಿ ಕೊಡುವ ವೈದ್ಯಕೀಯ ಸೀಟಿಗೂ ಉಂಟು. ಗ್ರಾಮೀಣ ಕೋಟಾ ಬೆಂಗಳೂರಿನ ಗಲ್ಲಿಯಲ್ಲಿ ಬೆಳೆದ ನಿಮಗೆ ಸಿಗುವುದಿಲ್ಲ. ಇದು ಸಿಗುತ್ತದೆ. ನಗರದ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗನಿಗೆ ಇರುವ ಹಕ್ಕು ಇದು.

ಇಲ್ಲಿ ಒಂದು ಗೊಂದಲ ಬೇಡ. ಕನ್ನಡವನ್ನು ಓದುವುದು ಬೇರೆ, ಕನ್ನಡದಲ್ಲಿ ಓದುವುದು ಬೇರೆ. ಇಂಗ್ಲಿಷ್ ಮಾಧ್ಯಮದಲ್ಲಿದ್ದುಕೊಂಡು ಕನ್ನಡವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡವರಿಗೆ ಇದು ಅನ್ವಯಿಸುವುದಿಲ್ಲ. ಏಳನೆಯ ತರಗತಿಯವರೆಗೆ ಕನ್ನಡ, ಎಂಟರಿಂದ ಇಂಗ್ಲಿಷ್ ಅಂತ ಮಗುವನ್ನು ಎತ್ತಿ ಹಾಕಿದರೂ ಈ ‘ಕೆ’ ಹೋಯಿತು. ತಂದೆತಾಯಿಗಳು ಎಂಟನೆಯ ತರಗತಿಗೆ ಮುಂಚೆ ಇದನ್ನು ಯೋಚಿಸಬೇಕು. ಆಮೇಲೆ ಯೋಚಿಸಿ ಫಲವಿಲ್ಲ.

ನಾನು ಈ ವಿಷಯ ಕಲಿತದ್ದು ಹೇಗೆ ಅಂತ ಹೇಳುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಮ್ಮ ಗಲ್ಲಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಹುಡುಗಿ ಹತ್ತರವರೆಗೂ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಆಗಲೇ ಹೇಳಿದೆನಲ್ಲ, ಕೆಳಗಿನ ಮನೆಯ ಎಪ್ಪತ್ತೆಂಟು, ಅವಳೇ. ಸಿಇಟಿ ಅರ್ಜಿ ತುಂಬಿಸಲು ಸೈಬರ್ ಸೆಂಟರಿಗೆ ಹೋದಳು. ಅಲ್ಲಿಯ ಹುಡುಗ ಕೇಳಿದ, ‘ಮೀಡಿಯಂ ಯಾವುದು?’ ಹಿಂದೆ ಸಾಲಿನಲ್ಲಿ ಅವಳ ಕಾಲೇಜಿನದೇ ನಾಲ್ಕು ಜನ ನಿಂತಿದ್ದರು. ಇವಳು ಮೆಲ್ಲಗೆ ‘ಇಂಗ್ಲಿಷ್’ ಅಂದಳು. ಅವನು ಕನ್ನಡ ಮಾಧ್ಯಮ ಮೀಸಲಾತಿಯ ಕಾಲಂನಲ್ಲಿ ‘ಇಲ್ಲ’ ಒತ್ತಿ ಮುಂದೆ ಹೋದ.

ತಿದ್ದುವ ಕೊನೆಯ ದಿನ ದಾಟಿದ ಮೇಲೆ ಯಾರೋ ಹೇಳಿದರಂತೆ. ಸೀಟು ಹಂಚಿಕೆ ಮುಗಿದ ಮೇಲೆ ಕಟ್‌ಆಫ್ ಪಟ್ಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅವಳಿಗೆ ಬೇಕಿದ್ದ ಸರ್ಕಾರಿ ಕಾಲೇಜು, ಬೇಕಿದ್ದ ಶಾಖೆ. 2ಎಜಿ ಕಾಲಂನಲ್ಲಿ ಅವಳ ರ್‍ಯಾಂಕು ಒಳಗೆ ಬರುವುದಿಲ್ಲ. ಪಕ್ಕದ 2ಎಕೆ ಕಾಲಂನಲ್ಲಿ ಆರಾಮವಾಗಿ ಬರುತ್ತದೆ. ಬೆರಳಿಟ್ಟು ತೋರಿಸಿದಳು. ಆಮೇಲೆ ಕೇಳಿದಳು: ‘ಮಾವಾ, ಇಷ್ಟು ವರ್ಷ ಮೈಕ್ ಹಿಡಿದು ಕನ್ನಡ ಕನ್ನಡ ಅಂತೀರಲ್ಲ, ಈ ಕೆ ವಿಷಯ ಯಾಕೆ ಹೇಳ್ಲಿಲ್ಲ?’

ಏನಂತ ಹೇಳಲಿ? ನನಗೇ ಗೊತ್ತಿರಲಿಲ್ಲ! ನಾಮಫಲಕಕ್ಕೆ ಮಸಿ ಬಳಿಯಲು ಹೋದವನು ನಾನು, ರಾಜ್ಯೋತ್ಸವಕ್ಕೆ ಚಂದಾ ಎತ್ತಿದವನು ನಾನು. ನಮ್ಮ ಗಲ್ಲಿಯ ಮಗುವಿಗೆ ಕನ್ನಡ ಕೊಡುತ್ತಿದ್ದ ಸೀಟನ್ನು ಹೇಳಿಕೊಡಲು ನನ್ನಿಂದ ಆಗಲಿಲ್ಲ. ಅವಳು ಈಗ ಎರಡು ಬಸ್ಸು ಬದಲಿಸಿ ಒಂದು ಖಾಸಗಿ ಕಾಲೇಜಿಗೆ ಹೋಗುತ್ತಾಳೆ, ತಾಯಿ ಓವರ್‌ಟೈಮ್ ಮಾಡುತ್ತಾರೆ. ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೆ ಅವಳ ಬಾಯಲ್ಲಿ ‘ಕನ್ನಡ’ ಅನ್ನುವ ಪದ ಬರದ ಹಾಗೆ ಮಾಡಿದ ಆ ಸಾಲು ಇದೆಯಲ್ಲ, ಅದರಲ್ಲಿ ನಿಂತಿದ್ದವರು ನಮ್ಮವರೇ, ಕನ್ನಡದ ಮಕ್ಕಳೇ. ಸರ್ಕಾರಿ ಶಾಲೆ ಅಂದರೆ ಕಿಸಕ್ಕನೆ ನಗುವವರು. ಈ ಸಭೆಯಲ್ಲಿ ಅಂಥವರಿದ್ದರೆ ನಾನು ಬೈಯುವುದಿಲ್ಲ, ಮುಂದಿನ ಸಾಲಿನಲ್ಲಿ ಮಾತ್ರ ಸ್ವಲ್ಪ ಸುಮ್ಮನಿರಿ.

ಕೆಲವರು ಹೇಳುತ್ತಾರೆ, ಇದು ಭಿಕ್ಷೆ, ಮೆರಿಟ್ಟಿಗೆ ಅನ್ಯಾಯ ಅಂತ. ಸರಿ, ಮೆರಿಟ್ಟಿನ ಮಾತೇ ಆಡೋಣ. ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಇದೆ. ನೀಟ್‌ನಲ್ಲಿ 2017ರಿಂದ ಕನ್ನಡ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ 2022ರಲ್ಲಿ ಶುರುವಾದಾಗಿನಿಂದಲೂ ಕನ್ನಡ ಇದೆ. ಸಂತೋಷ. ಆದರೆ ಐಐಟಿಯ ಒಳಬಾಗಿಲು ಜೆಇಇ ಅಡ್ವಾನ್ಸ್ಡ್ ಮಾತ್ರ ಎರಡೇ ಭಾಷೆಯಲ್ಲಿ ತೆರೆಯುತ್ತದೆ, ಇಂಗ್ಲಿಷ್ ಮತ್ತು ಹಿಂದಿ. ಪಾಟ್ನಾದ ಹುಡುಗ ತನ್ನ ಶಾಲೆಯ ಭಾಷೆಯಲ್ಲಿ ಬರೆಯಬಹುದು. ಬಹಳ ಒಳ್ಳೆಯದು, ಬರೆಯಲಿ. ಧಾರವಾಡದ ಹುಡುಗ ಬರೆಯುವ ಹಾಗಿಲ್ಲ. 2016ರಿಂದ ಧಾರವಾಡದಲ್ಲೇ ಐಐಟಿ ಇದೆ! ನಮ್ಮ ನೆಲ, ನಮ್ಮ ನೀರು, ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ನಮ್ಮ ನುಡಿಯಿಲ್ಲ. ಇದನ್ನು ಮೆರಿಟ್ ಅಂತ ಕರೆಯುವವರು ಶೇಕಡ 5ರ ಬಗ್ಗೆ ಮಾತಾಡುವ ಮುಂಚೆ ಒಂದು ಲೋಟ ನೀರು ಕುಡಿಯಲಿ.

ಇನ್ನು ಕಾಲೇಜು ಆರಿಸುವ ವಿಷಯ. ಹೆದ್ದಾರಿಯ ಫ್ಲೆಕ್ಸ್ ನೋಡಿ ಆರಿಸಬೇಡಿ. ತಮ್ಮದೇ ಪ್ರವೇಶ ಪರೀಕ್ಷೆ ನಡೆಸಿ ಸೀಟು ಕೊಡುವ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಈ ‘ಕೆ’ ನಡೆಯುವುದಿಲ್ಲ. ಕೆ.ಆರ್. ವೃತ್ತದಲ್ಲಿರುವ ಯುವಿಸಿಇ 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿಸಿದ ಕಾಲೇಜು, ಈಗ ಅದೇ ಒಂದು ವಿಶ್ವವಿದ್ಯಾಲಯ. ಅಂಥ ಸರ್ಕಾರಿ ಕಾಲೇಜುಗಳ ಪಟ್ಟಿ ಮೊದಲು ಮಾಡಿ. ಆಪ್ಷನ್ ಎಂಟ್ರಿಯಲ್ಲಿ ನಿಮಗೆ ನಿಜವಾಗಿ ಬೇಕಾದದ್ದನ್ನು ಮೇಲೆ ಹಾಕಿ, ಗೆಳೆಯ ಹಾಕಿದ ಅಂತ ಹಾಕಬೇಡಿ. ಮೇಲಿನ ಸಾಲಿನಲ್ಲಿ ಸಿಗದಿದ್ದರೆ ಕೆಳಗಿನದಕ್ಕೆ ನಷ್ಟವೇನೂ ಇಲ್ಲ. ಎಲ್ಲರೂ ಎಂಜಿನಿಯರ್ ಆಗಬೇಕು ಅಂತಲೂ ಇಲ್ಲ. ಬಿಎ, ಬಿಎಸ್ಸಿ, ಬಿಕಾಂ 2024ರಿಂದ ಮತ್ತೆ ಮೂರೇ ವರ್ಷದ ಪದವಿಯಾಗಿವೆ. ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿಯನ್ನು ಕನ್ನಡದಲ್ಲೇ ಬರೆದು ಹೋಗಬಹುದು. ದೇಶದ ಬೇರೆ ಕಡೆಯಿಂದ ಅಲ್ಲಿಗೆ ಮಕ್ಕಳು ಬರುತ್ತಾರೆ, ನಮ್ಮ ಗಲ್ಲಿಯಿಂದ ಒಬ್ಬರೂ ಅರ್ಜಿ ಹಾಕಿದ್ದನ್ನು ನಾನು ಕಂಡಿಲ್ಲ.

ಸಮಯವಾಯಿತು ಅಂತ ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಹೊರಗೆ ಮೇಜಿನ ಮೇಲೆ ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರದ ನಮೂನೆ ಇಟ್ಟಿದ್ದೇವೆ. ಒಂದರಿಂದ ಹತ್ತರವರೆಗೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಎರಡು ಶಾಲೆ ಬದಲಿಸಿದ್ದರೆ ಎರಡು ಕಡೆಯದೂ ತೆಗೆದುಕೊಳ್ಳಿ. ಫಲಿತಾಂಶದ ವಾರ ಬಿಇಒ ಕಚೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಪ್ರಥಮ ಪಿಯುಸಿಯವರು ಈಗಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿ ತುಂಬಲು ಒಬ್ಬರೇ ಹೋಗಲು ಹಿಂಜರಿಕೆಯಾದರೆ ಭಾನುವಾರ ಬೆಳಿಗ್ಗೆ ಬಳಗದ ಕೊಠಡಿಗೆ ಬನ್ನಿ. ಕಂಪ್ಯೂಟರ್ ಮುಂದೆ ಕೂರುವುದು ಆ ಹುಡುಗಿಯೇ. ‘ಮೀಡಿಯಂ ಯಾವುದು’ ಅಂತ ಅವಳು ಜೋರಾಗಿಯೇ ಕೇಳುತ್ತಾಳೆ, ನೀವೂ ಜೋರಾಗಿಯೇ ಹೇಳಿ.