ಬೆಂಕಿ ಕಾಯೋ ಮನೆ

ಫೆಬ್ರವರಿ ಬಂತು ಅಂದ್ರೆ ಬಂಡೀಪುರದ ಕಡೆಯಿಂದ ಹೊಗೆಯ ದೃಶ್ಯಗಳು ಬರೋಕೆ ಶುರುವಾಗುತ್ತೆ. 2019ರ ಫೆಬ್ರವರಿ ನಿಮಗೆ ನೆನಪಿರಬೇಕು. ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಕಾಡು ಬೂದಿಯಾಯ್ತು, ಕೊನೆಗೆ ವಾಯುಪಡೆ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯ್ತು. ಈ ಸಲದ ಬೇಸಿಗೆ ಇನ್ನೂ ಬಲಿತಿಲ್ಲ. ಅದಕ್ಕೇ, ಬೆಂಕಿ ಬೀಳೋ ಮುಂಚೆ, ನಿಮ್ಮನ್ನ ಒಂದು ಬೆಟ್ಟ ಹತ್ತಿಸ್ತೀನಿ. ದೂರದ ಬೆಟ್ಟ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರ ಇದೆ. ಹೆಸರು ಡೆಸೊಲೇಶನ್ ಪೀಕ್. ನಮ್ಮ ಮಾತಲ್ಲಿ ಹಾಳುಬೆಟ್ಟ ಅನ್ನಬಹುದು. 1926ರ ಕಾಡ್ಗಿಚ್ಚಿನಲ್ಲಿ ಇದರ ಇಳಿಜಾರು ಸುಟ್ಟು ಹೋಯ್ತು, ಹೆಸರು ಬಂದಿದ್ದೇ ಅದರಿಂದ.

ಬೆಟ್ಟದ ಬುಡಕ್ಕೆ ರಸ್ತೆ ಇಲ್ಲ. ಸಿಯಾಟಲ್ ನಗರಕ್ಕೆ ಕರೆಂಟು ಕೊಡೋ ರಾಸ್ ಅಣೆಕಟ್ಟಿನ ಹಿನ್ನೀರಲ್ಲಿ ದೋಣಿಯಲ್ಲಿ ಹೋಗಿ ಇಳೀಬೇಕು. ನನ್ನ ಜೊತೆ ಇಂಜಿನಿಯರಿಂಗ್ ಓದಿದ ಒಬ್ಬ ಗೆಳೆಯ ಆ ಊರಲ್ಲಿದ್ದಾನೆ, ಅವನೇ ಕರ್ಕೊಂಡು ಹೋಗಿದ್ದು. ದೋಣಿಯವನು ನಮ್ಮನ್ನ ದಡಕ್ಕೆ ಬಿಟ್ಟು, ಸಂಜೆ ಇಂಥಾ ಹೊತ್ತಿಗೆ ಇಲ್ಲೇ ಇರಿ ಅಂತ ಹೇಳಿ ಹೊರಟೇಹೋದ. ಅಲ್ಲಿಂದ ಏಳೂವರೆ ಕಿಲೋಮೀಟರ್ ಕಾಲುದಾರಿ. ಕೇಳೋಕೆ ಸುಲಭ. ಆದರೆ ಆ ಏಳೂವರೆ ಕಿಲೋಮೀಟರ್‌ನಲ್ಲಿ 4,400 ಅಡಿ ಮೇಲಕ್ಕೆ ಹೋಗ್ಬೇಕು. ಕುಕ್ಕೆಯಿಂದ ಕುಮಾರಪರ್ವತ ಹತ್ತಿದವರು ಲೆಕ್ಕ ಹಾಕ್ಕೊಳ್ಳಿ: ಏರು ಅದಕ್ಕಿಂತ ಸ್ವಲ್ಪ ಕಮ್ಮಿ, ದೂರ ಸುಮಾರು ಅರ್ಧ. ಅಂದ್ರೆ ದಾರಿ ಮೂಗಿಗೆ ತಾಗೋ ಹಾಗಿರುತ್ತೆ. ಮೊದಲು ದಟ್ಟ ಕಾಡಲ್ಲಿ ತಿರುವು ಮೇಲೆ ತಿರುವು, ಆಮೇಲೆ ಮರಗಳು ಗಿಡ್ಡವಾಗ್ತಾ ಹೋಗಿ ಹುಲ್ಲುಗಾವಲು, ಕೊನೆಗೆ ಬರೀ ಕಲ್ಲು ಮತ್ತು ಗಾಳಿ. ಕುಡಿಯೋ ನೀರು ಹೊತ್ಕೊಂಡೇ ಹೋಗ್ಬೇಕು. ತುದಿ 6,102 ಅಡಿ, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕುಳ್ಳು.

ತುದಿಯಲ್ಲಿ ಒಂದು ಮನೆ. ಹದಿನಾಲ್ಕಡಿಗೆ ಹದಿನಾಲ್ಕಡಿ, ಒಂದೇ ಕೋಣೆ, ನಾಲ್ಕೂ ಕಡೆ ಗಾಜಿನ ಕಿಟಕಿ. 1930ರ ದಶಕದ ಶುರುವಿನಲ್ಲಿ ಕಟ್ಟಿದ್ದು. ಬೇಸಿಗೆಯಲ್ಲಿ ಒಬ್ಬ ಮನುಷ್ಯ ಇಲ್ಲಿ ತಿಂಗಳುಗಟ್ಟಲೆ ಕೂತು ಸುತ್ತಲಿನ ಕಾಡಲ್ಲಿ ಎಲ್ಲಾದ್ರೂ ಹೊಗೆ ಎದ್ದರೆ ಕೆಳಗಿನವರಿಗೆ ರೇಡಿಯೋದಲ್ಲಿ ಹೇಳ್ಬೇಕು. ಅಷ್ಟೇ ಕೆಲಸ. 1956ರಲ್ಲಿ ಜ್ಯಾಕ್ ಕೆರೊವಾಕ್ ಅನ್ನೋ ಲೇಖಕ ಇಲ್ಲಿ 63 ದಿನ ಇದ್ದ, ಆಮೇಲೆ ಅದನ್ನ ಪುಸ್ತಕಗಳಲ್ಲಿ ಬರೆದ. ಇವತ್ತು ಬೆವರು ಸುರಿಸಿ ಹತ್ತೋರಲ್ಲಿ ಬಹಳ ಜನ ಅವನಿಗೋಸ್ಕರ ಬರ್ತಾರೆ. ನಾನು ಬಂದಿದ್ದು ಆ ಕೋಣೆ ಮಧ್ಯೆ ಇರೋ ಒಂದು ಉಪಕರಣ ನೋಡೋಕೆ.

ಅದರ ಹೆಸರು ಓಸ್ಬೋರ್ನ್ ಫೈರ್ ಫೈಂಡರ್. ದುಂಡನೆ ಮೇಜು, ಅದರ ಮೇಲೆ ಸುತ್ತಲಿನ ಕಾಡಿನ ನಕ್ಷೆ. ನಕ್ಷೆಯ ನಡುವಿನ ಬಿಂದು ಅಂದ್ರೆ ನೀವು ನಿಂತಿರೋ ಜಾಗ. ಅಂಚಿನಲ್ಲಿ 360 ಡಿಗ್ರಿ ಗುರುತು ಮಾಡಿದ ಲೋಹದ ಬಳೆ. ಒಂದು ಕಡೆ ಸಣ್ಣ ಕಿಂಡಿ, ಎದುರು ಕಡೆ ನಿಲ್ಲಿಸಿದ ಒಂದು ಕುದುರೆ ಕೂದಲು. ಕಿಂಡಿಯಲ್ಲಿ ಕಣ್ಣಿಟ್ಟು, ದೂರದ ಹೊಗೆ ಆ ಕೂದಲಿನ ನೇರಕ್ಕೆ ಬರೋ ತನಕ ಬಳೆ ತಿರುಗಿಸಿದ್ರೆ ದಿಕ್ಕು ಸಿಕ್ಕಿತು. ಇನ್ನೊಂದು ಬೆಟ್ಟದ ಮೇಲಿನವನೂ ಅದೇ ಹೊಗೆಯ ದಿಕ್ಕು ಹೇಳಿದ್ರೆ, ಎರಡು ಗೆರೆ ಕೂಡೋ ಕಡೆ ಬೆಂಕಿ. ನಾವು ಸರ್ವೇ ಲ್ಯಾಬ್‌ನಲ್ಲಿ ನಿದ್ದೆ ಮಾಡ್ತಾ ಕಲಿತ ಪಾಠ ಇದೇ. ಕರೆಂಟು ಬೇಡ, ಬ್ಯಾಟರಿ ಬೇಡ. ಪಕ್ಕದಲ್ಲಿ ಒಂದು ಸ್ಟೂಲ್, ಅದರ ನಾಲ್ಕು ಕಾಲಿಗೂ ಗಾಜಿನ ಬಟ್ಟಲು ಹಾಕೋರು. ಸಿಡಿಲು ಬಡಿಯೋ ಹೊತ್ತಲ್ಲಿ ಕಾವಲುಗಾರ ಅದರ ಮೇಲೆ ಹತ್ತಿ ಕೂರಬೇಕಿತ್ತು, ಯಾಕಂದ್ರೆ ಸಿಡಿಲು ಎಲ್ಲೆಲ್ಲಿ ಬಿತ್ತು ಅಂತ ಬರ್ಕೊಳ್ಳೋದೂ ಅವನದೇ ಕೆಲಸ!

ಇಂಥ ಮನೆಗಳು ಒಂದು ಕಾಲಕ್ಕೆ ಆ ದೇಶದಲ್ಲಿ ಸಾವಿರಾರು ಇದ್ದವು. ಇಷ್ಟೊಂದು ಯಾಕೆ ಕಟ್ಟಿದ್ರು? ಉತ್ತರ ಒಂದು ಭಯದಲ್ಲಿದೆ. 1910ರ ಆಗಸ್ಟ್ 20 ಮತ್ತು 21, ಎರಡೇ ದಿನದಲ್ಲಿ ಐಡಹೋ, ಮೊಂಟಾನಾ, ವಾಷಿಂಗ್ಟನ್ ಸೇರಿ ಸುಮಾರು 30 ಲಕ್ಷ ಎಕರೆ ಸುಟ್ಟಿತು. 80ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಬಹುಪಾಲು ಬೆಂಕಿ ಆರಿಸೋಕೆ ಹೋದ ಕೂಲಿಗಳು. ಎಡ್ ಪುಲಾಸ್ಕಿ ಅನ್ನೋ ರೇಂಜರ್ ತನ್ನ ತಂಡವನ್ನ ಹಳೇ ಗಣಿ ಸುರಂಗಕ್ಕೆ ನುಗ್ಗಿಸಿ, ಹೊರಗೆ ಓಡೋಕೆ ನೋಡಿದವರನ್ನ ಪಿಸ್ತೂಲು ತೋರಿಸಿ ತಡೆದು, ಹೆಚ್ಚಿನವರ ಜೀವ ಉಳಿಸಿದ. ಆಗ ಅಮೆರಿಕದ ಅರಣ್ಯ ಇಲಾಖೆಗೆ ಬರೀ ಐದು ವರ್ಷ ವಯಸ್ಸು. ಆ ಎರಡು ದಿನ ಇಲಾಖೆಯ ಎದೆಯಲ್ಲಿ ಕೂತುಬಿಟ್ಟಿತು. ಬೆಂಕಿ ಅಂದ್ರೆ ಶತ್ರು, ಎಲ್ಲ ಬೆಂಕಿಯೂ ಶತ್ರು. 1935ರಲ್ಲಿ ನಿಯಮವೇ ಬಂತು: ಇವತ್ತು ಕಂಡ ಬೆಂಕಿ ನಾಳೆ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು.

ಆ ಗಾಜಿನ ಮನೆಯ ಕಾವಲುಗಾರರು ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದ್ರು. ತೊಂದರೆ ಬಂದಿದ್ದೇ ಅಲ್ಲಿ. ಸಣ್ಣಪುಟ್ಟ ಬೆಂಕಿಯನ್ನೂ ಬಿಡದೆ ಆರಿಸಿದ ಎಷ್ಟೋ ಕಾಡುಗಳಲ್ಲಿ ತರಗು, ಒಣಕಡ್ಡಿ, ಬಿದ್ದ ಮರ, ಎಳೇ ಗಿಡಗಳು ದಶಕಗಟ್ಟಲೆ ಪೇರಿಸಿಕೊಂಡವು. ಆಮೇಲೆ ಬಿದ್ದ ಬೆಂಕಿ ನೆಲದಲ್ಲಿ ನಿಲ್ಲಲಿಲ್ಲ, ಮರದ ತುದಿಗೇ ಹತ್ತಿತು. 10 ಗಂಟೆಯ ನಿಯಮವನ್ನ 1970ರ ದಶಕದಲ್ಲಿ ಅವರೇ ಕೈಬಿಟ್ಟರು. ಆದರೆ ಅಷ್ಟರಲ್ಲಿ ಇನ್ನೊಂದು ನಷ್ಟ ಆಗಿಹೋಗಿತ್ತು. ಹಣ್ಣಿನ ಪೊದೆ ಚೆನ್ನಾಗಿ ಚಿಗುರಲಿ, ಬೇಟೆಗೆ ಹುಲ್ಲು ಬರಲಿ ಅಂತ ಹದ ನೋಡಿ ಸಣ್ಣ ಬೆಂಕಿ ಹಚ್ತಾ ಇದ್ದ ಅಲ್ಲಿನ ಮೂಲನಿವಾಸಿಗಳು ಅಷ್ಟೂ ವರ್ಷ ಅಪರಾಧಿಗಳಾಗಿದ್ರು. 2024ರಲ್ಲಿ ಕ್ಯಾಲಿಫೋರ್ನಿಯಾ ಅಂಥ ಪಂಗಡಗಳಿಗೆ ಆ ಬೆಂಕಿಯ ಅಧಿಕಾರ ವಾಪಸ್ ಕೊಡೋಕೆ ಕಾನೂನು ಮಾಡಿತು. ಒಂದು ಶತಮಾನ ಬೇಕಾಯ್ತು.

ಈಗ ನಮ್ಮ ಊರಿಗೆ ಬನ್ನಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹತ್ತಿರ 'ತರಗು ಬೆಂಕಿ' ಅನ್ನೋ ಮಾತಿದೆ. ಬೇಸಿಗೆ ಬಲಿಯೋ ಮುಂಚೆ, ನೆಲದಲ್ಲಿನ್ನೂ ಸ್ವಲ್ಪ ತೇವ ಇರುವಾಗ, ಬಿದ್ದ ತರಗೆಲೆಗೆ ಬೆಂಕಿ ಹಚ್ಚೋದು. ಮೊಣಕಾಲೆತ್ತರಕ್ಕೂ ಬಾರದ ಬೆಂಕಿ, ಮರಕ್ಕೆ ಹತ್ತಲ್ಲ. ಲಂಟಾನದ ಸಸಿ ಸಾಯುತ್ತೆ, ನೆಲ್ಲಿ ಮರವನ್ನ ಹಿಂಡೋ ಬಂದಳಿಕೆ ಹಿಡಿತದಲ್ಲಿರುತ್ತೆ, ಹೊಸ ಹುಲ್ಲು ಬರುತ್ತೆ. ಇದು ಅವರ ಹಿರಿಯರು ಹೇಳೋದು. 1974ರಲ್ಲಿ ಆ ಕಾಡು ಅಭಯಾರಣ್ಯ ಆಯ್ತು, ತರಗು ಬೆಂಕಿ ನಿಂತಿತು. ಲಂಟಾನ ಇವತ್ತು ಆನೆ ನಿಂತರೂ ಕಾಣದಷ್ಟು ಎತ್ತರಕ್ಕೆ ಬೆಳೆದಿದೆ. ಬೆಂಕಿ ನಿಲ್ಲಿಸಿದ್ದೊಂದೇ ಇದಕ್ಕೆ ಕಾರಣ ಅಂತ ಎಲ್ಲ ವಿಜ್ಞಾನಿಗಳೂ ಒಪ್ಪಲ್ಲ, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಒಣಗಿದ ಲಂಟಾನ ಹೇಗೆ ಉರಿಯುತ್ತೆ ಅಂತ ಆ ಕಡೆಯ ಯಾವ ಫೈರ್ ವಾಚರ್‌ನ ಬೇಕಾದ್ರೂ ಕೇಳಿ.

ಇಲ್ಲಿ ಅಧಿಕಾರಿಗಳ ಮಾತಲ್ಲೂ ಹುರುಳಿದೆ, ಅದನ್ನ ಮುಚ್ಚಿಡಬಾರದು. ಅಮೆರಿಕದ ಆ ಬೆಟ್ಟಗಳಲ್ಲಿ ಸಿಡಿಲೂ ಬೆಂಕಿ ಹಚ್ಚುತ್ತೆ, ನಮ್ಮಲ್ಲಿ ಹಚ್ಚೋದು ಹೆಚ್ಚುಕಮ್ಮಿ ಮನುಷ್ಯನೇ. ದನ ಮೇಯಿಸೋಕೆ, ಕೆಲವು ಸಲ ಇಲಾಖೆ ಮೇಲಿನ ಸಿಟ್ಟಿಗೆ, ಕೆಲವು ಸಲ ಬೀಡಿ ತುಂಡಿಗೆ. ಅದೂ ಅಲ್ದೆ, ಈಗ ಪೇರಿಸಿಕೊಂಡಿರೋ ಲಂಟಾನಕ್ಕೆ ತರಗು ಬೆಂಕಿ ಹಚ್ಚಿದ್ರೆ ಅದು ತರಗು ಬೆಂಕಿಯಾಗಿ ಉಳಿಯಲ್ಲ. ಇದನ್ನ ಸೋಲಿಗರೇ ಹೇಳ್ತಾರೆ: ಮೊದಲು ಕಡೀರಿ, ಆಮೇಲೆ ಬೆಂಕಿ ಮಾತು. ಇಷ್ಟು ವಿವೇಕದ ಮಾತಾಡೋರನ್ನ ಪ್ರತಿ ಬೇಸಿಗೆಯಲ್ಲೂ ಮೊದಲ ಶಂಕಿತರ ಪಟ್ಟಿಗೆ ಹಾಕೋದು ನ್ಯಾಯಾನಾ?

2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಕಾಡಿನೊಳಗೆ ದೇಶದಲ್ಲೇ ಮೊದಲು ಅಂಥ ಹಕ್ಕು ಪಡೆದವರು ಅವರು. ಜೇನು, ನೆಲ್ಲಿ ತರಬಹುದು. ಬೆಂಕಿಯ ವಿಷಯಕ್ಕೆ ಬಂದ್ರೆ ಅವರು ಇಲಾಖೆಗೆ ದಿನಗೂಲಿ ಕಾವಲುಗಾರರು, ಬೆಂಕಿ ರೇಖೆ ಸವರೋ ಕೈಗಳು, ಸೊಪ್ಪು ಹಿಡಿದು ಬೆಂಕಿ ಬಡಿಯೋರು.

ಈಗ ಉಪಗ್ರಹ ಇದೆ, ಎಲ್ಲೋ ಬೆಂಕಿ ಬಿತ್ತು ಅಂದ್ರೆ ಅಧಿಕಾರಿಯ ಮೊಬೈಲಿಗೆ ಸಂದೇಶ ಬರುತ್ತೆ. ಒಳ್ಳೇದೇ. ಆದರೆ ಉಪಗ್ರಹಕ್ಕೆ ಬೆಂಕಿ ಬಿದ್ದಿದ್ದು ಗೊತ್ತಾಗುತ್ತೆ, ಯಾವ ಬೆಂಕಿಯನ್ನ ಯಾವಾಗ ಹಚ್ಚಬಹುದಿತ್ತು ಅಂತ ಗೊತ್ತಾಗಲ್ಲ. ಅರಣ್ಯ ಸಚಿವರಿಗೆ ನನ್ನದೊಂದೇ ಪ್ರಶ್ನೆ. ಲಂಟಾನ ಕಡಿದು ತೆಗೆದಿರೋ ಒಂದು ಸಣ್ಣ ಜಾಗ ಆರಿಸಿ, ಅಧಿಕಾರಿ, ವಿಜ್ಞಾನಿ, ಸೋಲಿಗ ಹಿರಿಯರು ಮೂವರನ್ನೂ ಅಲ್ಲೇ ನಿಲ್ಲಿಸಿ, ಕಾನೂನಿನ ಒಪ್ಪಿಗೆ ತಗೊಂಡು, ಒಂದೇ ಒಂದು ಸಲ ತರಗು ಬೆಂಕಿಯ ಪ್ರಯೋಗ ಮಾಡೋಕೆ ನಿಮಗೆ ಅಡ್ಡ ಬರ್ತಿರೋದು ಏನು? ಆ ಹಿರಿಯರಿಗೆ ವಯಸ್ಸಾಗ್ತಿದೆ ಸರ್. ಹದ ಗೊತ್ತಿರೋದು ಅವರಿಗೆ. ಬೇಗ ಕೇಳಿ.