ವಿಶ್ರಾಂತಿಯೂ ಒಂದು ಹಕ್ಕು



ಇಂದು ಪರಸ್ಪರ ಭೇಟಿಯಾದಾಗ ನಾವು ಆಡುವ ಮೊದಲ ಮಾತು ‘ಪುರುಸೊತ್ತಿಲ್ಲ’ ಎಂಬುದು. ವ್ಯಾಪಾರಿಗೂ ಪುರುಸೊತ್ತಿಲ್ಲ, ಉದ್ಯೋಗಿಗೂ ಇಲ್ಲ, ಶಾಲೆ ಮತ್ತು ಟ್ಯೂಷನ್‌ಗಳ ನಡುವೆ ಓಡುವ ಮಗುವಿಗೂ ಇಲ್ಲ. ಈ ಮಾತನ್ನು ನಾವು ದೂರಿನಂತೆ ಹೇಳಿದರೂ ಅದರಲ್ಲಿ ಸಣ್ಣದೊಂದು ಹೆಮ್ಮೆ ಅಡಗಿರುತ್ತದೆ. ಬಿಡುವಿಲ್ಲದವನು ದೊಡ್ಡವನು, ಸುಮ್ಮನೆ ಕುಳಿತವನು ಸೋಮಾರಿ ಎಂಬುದು ಈ ಕಾಲದ ಅಳತೆಗೋಲು. ಅದು ಸರಿಯೇ?

ಹಝ್ರತ್ ಸಲ್ಮಾನ್ ಫಾರಿಸಿ(ರ) ಮತ್ತು ಅಬೂದರ್ದಾ(ರ)ರ ಘಟನೆಯನ್ನು ನೆನಪಿಸಿಕೊಳ್ಳಿರಿ. ಪ್ರವಾದಿ(ಸ)ರು ಅವರಿಬ್ಬರ ಮಧ್ಯೆ ಭ್ರಾತೃತ್ವ ಬೆಸೆದಿದ್ದರು. ಒಮ್ಮೆ ಸಲ್ಮಾನ್(ರ) ಸಹೋದರನ ಮನೆಗೆ ಹೋದಾಗ ಮನೆಯೊಡತಿ ಹಳೆಯ ಉಡುಪಿನಲ್ಲಿದ್ದರು. ವಿಚಾರಿಸಿದಾಗ, ಪತಿಗೆ ಇಹಲೋಕದ ಗೊಡವೆಯೇ ಇಲ್ಲವೆಂದು ತಿಳಿಯಿತು. ಹಗಲು ಉಪವಾಸ, ರಾತ್ರಿ ನಮಾಝ್. ಸಲ್ಮಾನ್(ರ) ಅವರ ಉಪವಾಸ ಬಿಡಿಸಿ ತಮ್ಮೊಂದಿಗೆ ಊಟ ಮಾಡಿಸಿದರು. ರಾತ್ರಿ ನಮಾಝ್‌ಗೆ ಎದ್ದಾಗ ಮಲಗುವಂತೆ ಹೇಳಿದರು, ಮತ್ತೆ ಎದ್ದಾಗಲೂ ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ, ಇಬ್ಬರೂ ಜೊತೆಯಾಗಿ ನಮಾಝ್ ನಿರ್ವಹಿಸಿದರು. ಪ್ರಭುವಿಗೆ ಇರುವಂತೆಯೇ ತನ್ನ ಶರೀರಕ್ಕೂ ಮನೆಮಂದಿಗೂ ಹಕ್ಕುಗಳಿವೆ, ಪ್ರತಿಯೊಂದನ್ನೂ ಸಲ್ಲಿಸಬೇಕು ಎಂದು ತಿಳಿಹೇಳಿದರು. ವಿಷಯ ಕೇಳಿದ ಪ್ರವಾದಿ(ಸ)ರು ಸಲ್ಮಾನ್ ಹೇಳಿದ್ದು ಸತ್ಯವೆಂದರು. ಬುಖಾರಿಯಲ್ಲಿ ಇದು ವರದಿಯಾಗಿದೆ.

ಅಬೂದರ್ದಾ(ರ)ರ ನಿದ್ರೆಯನ್ನು ಕಸಿದದ್ದು ಆರಾಧನೆ. ಅದಕ್ಕೇ ಮಿತಿ ಇರುವಾಗ, ನಮ್ಮ ನಿದ್ರೆ ಕಸಿಯುತ್ತಿರುವ ಅಂಗೈಯಗಲದ ಪರದೆಗೆ ಮಿತಿ ಬೇಡವೇ? ಪತ್ರಿಕೆಗೆ ಕೊನೆಯ ಪುಟವಿದೆ, ಮೊಬೈಲಿಗಿಲ್ಲ. ಬೆರಳು ಸರಿಸಿದಷ್ಟೂ ಮುಗಿಯದ ಪುಟದ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಝಾ ರಸ್ಕಿನ್ ಎಂಬ ತಂತ್ರಜ್ಞರೇ ಅನಂತರ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಇಶಾ ನಮಾಝ್‌ನ ಬಳಿಕ ಹರಟೆಯನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ನಿಜವಾದ ಹರಟೆ ಶುರುವಾಗುವುದೇ ಆಗ, ಅದೂ ಪಕ್ಕದಲ್ಲಿರುವವರೊಂದಿಗಲ್ಲ.

ಅತಿಯಾದ ದುಡಿಮೆಯ ಬೆಲೆಯೂ ಚಿಕ್ಕದಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದ ಕಾರಣ 2016ರಲ್ಲಿ ಜಗತ್ತಿನಾದ್ಯಂತ ಸುಮಾರು 7,45,000 ಮಂದಿ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು. ಆದ್ದರಿಂದ ಅಂಗಡಿ ಮಾಲಿಕರಾದ ಸಹೋದರರಲ್ಲಿ ಒಂದು ವಿನಂತಿ: ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವ ಆ ಹುಡುಗನ ಕಾಲುಗಳಿಗೂ ನಿಮ್ಮ ಮೇಲೆ ಹಕ್ಕಿದೆ.

ಇನ್ನು, ನಾವು ವಿಶ್ರಾಂತಿ ಪಡೆಯುವಾಗ ದುಡಿಯುವವರು ಯಾರು? ರಜಾದಿನ ನಮಗೆ ಬಿಡುವಾದರೆ ಅಡುಗೆಮನೆಯಲ್ಲಿ ಅಂದು ಎರಡು ಪಟ್ಟು ಕೆಲಸ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ 289 ನಿಮಿಷ ವ್ಯಯಿಸುತ್ತಾರೆ, ಪುರುಷರು 88 ನಿಮಿಷ. ಪ್ರವಾದಿ(ಸ)ರು ಮನೆಯಲ್ಲಿರುವಾಗ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರು, ನಮಾಝ್‌ನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಸುನ್ನತ್ತನ್ನು ಪ್ರೀತಿಸುವ ನಾವು ಈ ಸುನ್ನತ್ತನ್ನು ಏಕೆ ಮರೆತೆವು?

ಸಹೋದರರೇ, ಸಲ್ಮಾನ್(ರ) ಕಣ್ಣಿಗೆ ಮೊದಲು ಬಿದ್ದದ್ದು ಆ ಮನೆಯೊಡತಿಯ ಸ್ಥಿತಿ. ಒಬ್ಬನ ಬಿಡುವಿಲ್ಲದ ಬದುಕಿನ ಭಾರ ಇನ್ನೊಬ್ಬರ ಮೇಲೆ ಬೀಳುತ್ತದೆಂದು ಅವರು ಅರಿತಿದ್ದರು. ಇಂದು ರಾತ್ರಿಯೇ ಆರಂಭಿಸೋಣ. ಇಶಾದ ಬಳಿಕ ಮನೆಯ ಎಲ್ಲ ಮೊಬೈಲ್‌ಗಳೂ ಒಂದು ಕಪಾಟಿನಲ್ಲಿರಲಿ. ಊಟದ ಪಾತ್ರೆಗಳನ್ನು ಗಂಡಸರು ತೊಳೆಯಲಿ. ಮನೆಯ ತಾಯಿ ಎಲ್ಲರಿಗಿಂತ ಕೊನೆಗೆ ಮಲಗುವ ಪದ್ಧತಿ ಇಂದಿಗೆ ಮುಗಿಯಲಿ. ಬೆಳಗ್ಗೆ ಫಜ್ರ್‌ಗೆ ಎದ್ದಾಗ ನಮ್ಮ ಕಣ್ಣುಗಳು ಉರಿಯದಿರಲಿ.

ಪರಸ್ಪರರ ಹಕ್ಕುಗಳನ್ನು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.