ನಮ್ಮ ಶಾಲೆಯಲ್ಲಿ ಮಕ್ಕಳ ಮಾತು

(ಜೂನ್ ತಿಂಗಳಲ್ಲಿ ಶಾಲೆಯ ಅಂಗಳದಲ್ಲಿ ಸೇರಿದ್ದ ಪೋಷಕರ ಸಭೆಯಲ್ಲಿ ಗ್ರಾಮ ಕಾರ್ಯಕರ್ತರು ಮಾಡಿದ ಭಾಷಣ)



ಮಳೆ ಹದವಾಗಿ ಬಿದ್ದಿದೆ. ಹೊಲದಲ್ಲಿ ಕೆಲಸ ಕಾದಿದೆ. ಇಂಥ ದಿನದಲ್ಲಿ ಅರ್ಧ ಹೊತ್ತು ಬಿಡುವು ಮಾಡಿಕೊಂಡು ತಾವು ಬಂದಿದ್ದೀರಿ. ಬೀಜ ಗೊಬ್ಬರದ ಮಾತಾಡುವ ಹುಡುಗ ಇವತ್ತೇಕೆ ಶಾಲೆಯ ಮಾತಿಗೆ ನಿಂತ ಎಂದು ಹಿಂದಿನ ಸಾಲಿನವರು ನಗುತ್ತಿರುವುದು ನನಗೆ ಕಾಣುತ್ತಿದೆ. ಬೀಜದ ಮಾತೂ ಬರುತ್ತದೆ, ಸ್ವಲ್ಪ ತಾಳ್ಮೆಯಿರಲಿ.

ಹೋದ ವಾರ ಅರಳಿಕಟ್ಟೆಯ ಮೇಲೆ ಕುಳಿತಿದ್ದಾಗ ಒಂದು ಮಾತು ಕೇಳಿದೆ. ಈ ಶಾಲೆಯಲ್ಲಿ ಪಾಠವೇ ಇಲ್ಲ, ಬರೀ ಹಾಡು, ಕುಣಿತ, ಚಿತ್ರ ಬರೆಯುವುದು. ಮಕ್ಕಳು ಮನೆಗೆ ಬಂದು ಎದುರು ಮಾತಾಡುತ್ತವೆ. ಪಟ್ಟಣದ ವ್ಯಾನಿಗೆ ಹತ್ತಿಸುವುದೇ ವಾಸಿ ಎಂದು. ನಾಲ್ಕು ಮನೆಯವರು ಆಗಲೇ ವ್ಯಾನಿನವನಿಗೆ ಹೇಳಿದ್ದಾರಂತೆ. ಮಕ್ಕಳನ್ನು ಎಲ್ಲಿ ಓದಿಸಬೇಕೆಂಬುದು ತಂದೆ ತಾಯಿಗೆ ಬಿಟ್ಟ ವಿಷಯ, ನಾನು ಅಡ್ಡ ಬರುವವನಲ್ಲ. ಆದರೆ ಶಾಲೆಯೊಳಗೆ ನಡೆಯುವುದೇನು ಎಂದು ನೋಡದೆ ತೀರ್ಮಾನ ಮಾಡಬಾರದು. ಇರುವುದೇ ಇಪ್ಪತ್ತೇಳು ಮಕ್ಕಳು. ನಾಲ್ಕು ಮನೆಯ ಹಿಂದೆ ಇನ್ನೆಂಟು ಮನೆ ಹೋದರೆ, ಈ ಅಂಗಳದಲ್ಲಿ ನಾವು ಸಭೆ ಸೇರುವ ಕಾರಣವೇ ಉಳಿಯುವುದಿಲ್ಲ.

ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಇದಕ್ಕೆ ನಲಿಕಲಿ ಎಂದು ಹೆಸರು. ಗೋಡೆಯ ಮೇಲೆ ಏಣಿಯ ಚಿತ್ರ ಇದೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಗುರುತು, ಆ ಗುರುತಿನ ಕಾರ್ಡು. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ತಾನೇ ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. ಹೊಸ ಪಾಠವಾದರೆ ಟೀಚರಮ್ಮನ ಪಕ್ಕ ಕೂರುತ್ತದೆ, ಸ್ವಲ್ಪ ಬಂದರೆ ಗೆಳೆಯರ ಜೊತೆ, ಚೆನ್ನಾಗಿ ಬಂದರೆ ತಾನೊಬ್ಬನೇ. ಜ್ವರ ಬಂದು ಹತ್ತು ದಿನ ಬಿಟ್ಟ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ, ಉಳಿದವರ ಹಿಂದೆ ಓಡುತ್ತ ಏದುಸಿರು ಬಿಡಬೇಕಾಗಿಲ್ಲ. ಕಡಲೇಕಾಯಿ ಕೀಳುವ ಕಾಲದಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗುವ ನಮಗೆ ಇದು ಸಣ್ಣ ಉಪಕಾರವಲ್ಲ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಕಥೆ ಎಲ್ಲ ತೂಗುಹಾಕಿದ್ದಾರೆ. ಅದನ್ನು ಚಪ್ಪರ ಎನ್ನುತ್ತಾರೆ. ಬಾಗಿಲ ಬಳಿ ಹವಾಮಾನದ ಪಟ ಇದೆ. ಬಿಸಿಲೋ ಮೋಡವೋ ಮಳೆಯೋ ಎಂದು ದಿನವೂ ಮಕ್ಕಳೇ ಗುರುತು ಹಾಕುತ್ತಾರೆ. ಹೋದ ಆಗಸ್ಟಿನಲ್ಲಿ ಎಷ್ಟು ದಿನ ಮಳೆ ಬಿತ್ತೆಂದು ನನ್ನನ್ನು ಕೇಳಿದರೆ ಅಂದಾಜು ಹೇಳುತ್ತೇನೆ. ಎರಡನೆಯ ತರಗತಿಯ ಹುಡುಗ ಎಣಿಸಿ ಹೇಳುತ್ತಾನೆ.

ಇದು ಎಲ್ಲಿಂದಲೋ ಬಂದ ಪರದೇಶದ ಪದ್ಧತಿಯಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಹುಟ್ಟಿದ್ದು. ಕಾಡಂಚಿನ ಊರುಗಳು, ಒಬ್ಬರೋ ಇಬ್ಬರೋ ಉಪಾಧ್ಯಾಯರ ಶಾಲೆಗಳು. ಆಂಧ್ರದ ಮದನಪಲ್ಲಿಯ ಹತ್ತಿರ ರಿಷಿ ವ್ಯಾಲಿಯವರು ನಡೆಸುತ್ತಿದ್ದ ಹಳ್ಳಿ ಶಾಲೆಗಳನ್ನು ಕೋಟೆಯ ಉಪಾಧ್ಯಾಯರು ಹೋಗಿ ನೋಡಿ ಬಂದರು. ಯುನಿಸೆಫ್ ಸಂಸ್ಥೆಯ ನೆರವು ಸಿಕ್ಕಿತು. ಕಾರ್ಡುಗಳನ್ನು ಆ ಉಪಾಧ್ಯಾಯರೇ ಕೂತು ಬರೆದರು. 2009-10ರಲ್ಲಿ ಸರ್ಕಾರ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿಸಿತು. ಅದಕ್ಕೂ ಬಹಳ ಹಿಂದೆಯೇ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಟ, ನಾಟಕ, ಚಿತ್ರದ ಮೂಲಕ ಕಲಿಸಿ ನೋಡಿದ್ದರು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಕಲಿಸುವ ಮಾತೆತ್ತಿದ್ದನ್ನು ಹಿರಿಯರು ಕೇಳಿರಬಹುದು.

ಪದ್ಧತಿಯಲ್ಲಿ ಕುಂದೇ ಇಲ್ಲವೆಂದು ನಾನು ಹೇಳಲಾರೆ. ಮೂರು ತರಗತಿಯನ್ನು ಒಬ್ಬರೇ ನೋಡಬೇಕು. ಅವರು ತರಬೇತಿಗೋ ಸಭೆಗೋ ಹೋದ ದಿನ ಕೋಣೆ ಸಂತೆಯಾಗುತ್ತದೆ. ಕಾರ್ಡು ಹರಿದು ಹೋದರೆ ಹೊಸದು ಬರುವುದು ನಿಧಾನ. ನಾಲ್ಕನೆಯ ತರಗತಿಗೆ ಹೋದ ಕೂಡಲೇ ದಪ್ಪ ಪುಸ್ತಕ ಕಂಡು ಮಗು ತಬ್ಬಿಬ್ಬಾಗುತ್ತದೆ. ಇವನ್ನು ತಾವು ಕೇಳಬೇಕು, ಜೋರಾಗಿಯೇ ಕೇಳಬೇಕು. ‘ಬರೀ ಆಟ’ ಎಂಬ ದೂರು ಮಾತ್ರ ಸರಿಯಲ್ಲ. ಅದೇಕೆಂದು ಹೇಳಬೇಕಾದರೆ ನನ್ನ ಕಥೆ ಒಂದಷ್ಟು ಹೇಳಬೇಕು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ (ಈ ಊರಲ್ಲ, ಬೇರೆ ಊರು) ಮೇಷ್ಟ್ರು ಗಿಡದ ಭಾಗಗಳ ಪಾಠ ಮಾಡುತ್ತಿದ್ದರು. ಮಣ್ಣಿನೊಳಗೆ ಇರುವುದು ಬೇರು, ಮೇಲಿರುವುದು ಕಾಂಡ, ಎಲೆ, ಹೂ, ಕಾಯಿ ಎಂದರು. ನಾನು ಎದ್ದು, ‘ಸಾರ್, ಕಡಲೇಕಾಯಿ ಮಣ್ಣಿನೊಳಗೇ ಇರುತ್ತಲ್ಲ, ಅದು ಬೇರೋ ಕಾಯೋ?’ ಎಂದೆ. ತರಗತಿ ನಕ್ಕಿತು. ಮೇಷ್ಟ್ರಿಗೆ ನಾನು ತಮಾಷೆ ಮಾಡಿದೆನೆಂದು ತೋರಿತು. ಎರಡು ಅಂಗೈಗೂ ಹೊಂಗೆ ಬರಲಿನಿಂದ ಬಿತ್ತು. ಊಟದ ಗಂಟೆಯವರೆಗೆ ಮಂಡಿಯೂರಿ ನಿಂತೆ. ಆ ಪೆಟ್ಟು ಎರಡು ದಿನದಲ್ಲಿ ಮಾಯಿತು. ಆದರೆ ಆಮೇಲೆ ಹೈಸ್ಕೂಲು ಮುಗಿಯುವವರೆಗೆ ನಾನು ತರಗತಿಯಲ್ಲಿ ಎದ್ದು ಏನನ್ನೂ ಕೇಳಲಿಲ್ಲ. ಕೃಷಿ ಡಿಪ್ಲೊಮಾ ಓದುವಾಗ ಒಬ್ಬ ಉಪಾಧ್ಯಾಯರು ತಾಕಿನಲ್ಲಿ ಗಿಡ ಕಿತ್ತು ತೋರಿಸಿದರು: ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂತಹ ಕಡ್ಡಿ ಇಳಿದು ಮಣ್ಣಿಗೆ ಹೊಕ್ಕು, ತುದಿಯಲ್ಲಿ ಕಾಯಿ ಕಟ್ಟುತ್ತದೆ. ಅದು ಕಾಯಿಯೇ, ಬೇರಲ್ಲ. ಊರಿಗೆ ಬಂದು ಅವ್ವನಿಗೆ ದೊಡ್ಡದಾಗಿ ಹೇಳಿದೆ. ‘ಇದೇನು ಹೊಸದು, ಹೂವು ಇಳೀದೆ ಕಾಯಿ ಎಲ್ಲಿಂದ ಬರ್ತದೆ?’ ಎಂದಳು. ಅವಳಿಗೆ ಮೊದಲೇ ಗೊತ್ತಿತ್ತು. ಕೇಳುವ ಬಾಯಿಯನ್ನು ಮುಚ್ಚಿಕೊಂಡವನು ಮನೆಯಲ್ಲೂ ಕೇಳಿರಲಿಲ್ಲ.

ಈಗ ನಮ್ಮ ಶಾಲೆಯ ಮಾತು. ಎರಡನೆಯ ತರಗತಿಗೆ ಕುರಿ ಕಾಯುವ ಮನೆಯ ಒಬ್ಬ ಹುಡುಗ ಬಂದ. ತಿಂಗಳಾದರೂ ಬಾಯಿ ಬಿಡಲಿಲ್ಲ. ಮಾತು ಬಾರದ ಮಗುವೇನೋ ಎಂದು ಟೀಚರಮ್ಮ ದಿಗಿಲುಪಟ್ಟಿದ್ದರು. ಒಂದು ದಿನ ಕೆರೆಯ ಜೇಡಿಮಣ್ಣು ತರಿಸಿ, ಯಾರಿಗೆ ಏನು ಇಷ್ಟವೋ ಅದನ್ನು ಮಾಡಿ ಎಂದರು. ಉಳಿದವರು ಬಸವ, ಲಾರಿ, ಫೋನು ಮಾಡಿದರು. ಇವನು ಕುರಿ ಮಾಡಿದ, ಒಂದಲ್ಲ ಒಂಬತ್ತು. ಪ್ರತಿಯೊಂದರ ಕಿವಿಗೂ ಉಗುರಿನಿಂದ ಕಚ್ಚು ಹಾಕಿದ. ಇದೇನಪ್ಪ ಎಂದು ಕೇಳಿದ್ದೇ ತಡ, ಇದು ನಮ್ಮ ಮನೆ ಗುರುತು, ಇದು ಚಿಕ್ಕಪ್ಪನದು, ಹಿಂಡು ಬೆರೆತಾಗ ಹೀಗೆ ಬೇರೆ ಮಾಡುತ್ತೇವೆ ಎಂದು ಅರ್ಧ ಗಂಟೆ ಹೇಳಿದನಂತೆ. ಟೀಚರಮ್ಮ ಅದೇ ಕುರಿಗಳನ್ನಿಟ್ಟುಕೊಂಡು ಕೂಡುವ ಕಳೆಯುವ ಲೆಕ್ಕ ಮಾಡಿಸಿದರು. ಇದನ್ನು ಆಟವೆನ್ನಿ, ಪಾಠವೆನ್ನಿ, ಹುಡುಗ ಈಗ ಓದುತ್ತಾನೆ.

ಇನ್ನು ಬೀಜದ ಮಾತು. ಹೋದ ವರ್ಷ ಜೂನಿನಲ್ಲಿ ಐದನೆಯ ತರಗತಿಯ ಮಕ್ಕಳು, ಮನೆಯಲ್ಲಿ ಬಿತ್ತನೆಗೆ ಇಟ್ಟ ಕಾಳೆಲ್ಲ ಹುಟ್ಟುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ತಾವು ಉತ್ತರ ಕೊಡದೆ, ನೀವೇ ನೋಡಿ ಎಂದು ನನ್ನನ್ನು ಕರೆಸಿದರು. ಕ್ರಮ ಸುಲಭ. ಗೋಣಿತಾಟಿನ ತುಂಡನ್ನು ನೆನೆಸಿ ಹಿಂಡಿ ಹಾಸಬೇಕು. ಆರಿಸದೆ ಕೈಗೆ ಬಂದ ನೂರು ಕಾಳನ್ನು ಹತ್ತು ಸಾಲಾಗಿ, ಸಾಲಿಗೆ ಹತ್ತರಂತೆ ಇಟ್ಟು, ಚಾಪೆಯಂತೆ ಸುತ್ತಿ ನೆರಳಿನಲ್ಲಿಡಬೇಕು. ಆರದಂತೆ ನೀರು ಚಿಮುಕಿಸುತ್ತಿರಬೇಕು. ವಾರ ಕಳೆದ ಮೇಲೆ ಬಿಚ್ಚಿ, ಬೇರು ಮೊಳಕೆ ಎರಡೂ ಚೆನ್ನಾಗಿರುವುದನ್ನು ಎಣಿಸಿದರೆ ಶೇಕಡಾ ಎಷ್ಟೆಂಬುದು ತಾನಾಗಿ ಸಿಗುತ್ತದೆ. ಸುಮ್ಮನೆ ಪುಸ್ತಕದಲ್ಲಿ ಶೇಕಡಾ ಲೆಕ್ಕ ಮಾಡಿದ ಮಗುವಿಗೂ, ಅಪ್ಪನ ಬೀಜವನ್ನು ಎಣಿಸಿದ ಮಗುವಿಗೂ ಎಷ್ಟು ಅಂತರವೆಂದು ಅವತ್ತು ಕಂಡೆ.

ಆರು ಮನೆಯ ಅವರೆ ಬಂದಿತ್ತು. ಪ್ರಮಾಣಿತ ಅವರೆ ಬೀಜ ನೂರಕ್ಕೆ 75 ಆದರೂ ಮೊಳೆಯಬೇಕು. ಐದು ಮನೆಯದು ದಾಟಿತು. ಒಬ್ಬ ಹುಡುಗಿಯ ಮನೆಯದು 58. ಕಾಳಿನಲ್ಲಿ ಹುಳುವಿನ ತೂತು. ಮಕ್ಕಳೇ ಲೆಕ್ಕ ಹಾಕಿದರು: ಒಳ್ಳೆಯ ಬೀಜ ಮೂರು ಸೇರು ಸಾಕಾಗುವ ಕಡೆ ಇದು ಹತ್ತಿರ ಹತ್ತಿರ ನಾಲ್ಕು ಸೇರು ಬೇಕು. ಹುಡುಗಿ ಮನೆಗೆ ಹೋಗಿ ಹೇಳಿದಳು. ‘ನಾಲ್ಕು ಅಕ್ಷರ ಕಲಿತು ನನಗೇ ಬೇಸಾಯ ಹೇಳ್ತೀಯಾ?’ ಎಂದು ಗದರಿಕೆಯಾಯಿತು. ತಂದೆ ಇಲ್ಲೇ ಕುಳಿತಿದ್ದಾರೆ, ಹೆಸರು ಹೇಳದಿದ್ದರೆ ಕಥೆ ಹೇಳಬಹುದೆಂದು ಒಪ್ಪಿಗೆ ಕೊಟ್ಟಿದ್ದಾರೆ.

ಅವರ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಮಾರನೆಯ ದಿನ ನಾನು ಬೈಕು ಹತ್ತುವ ಹೊತ್ತಿಗೆ ಆ ಹುಡುಗಿ ಓಡಿ ಬಂದು, ‘ಸಾರ್, ನಮ್ಮ ಅವರೆ ಸರಿಯಿಲ್ಲ, ಅಪ್ಪನಿಗೆ ನೀವೊಂದು ಮಾತು ಹೇಳಿ’ ಎಂದಳು. ‘ಆಗಲಿ ಮಗು, ಹೋಗಿ ಓದಿಕೋ’ ಎಂದು ಹೊರಟುಬಿಟ್ಟೆ. ಸಂಜೆ ಮರೆತೆ. ಡಿಪ್ಲೊಮಾ ಓದಿದವನ ಕಿವಿಗೆ ಹನ್ನೊಂದು ವರ್ಷದ ಮಗುವಿನ ಮಾತು ತಾಕಲಿಲ್ಲ. ಜುಲೈಯಲ್ಲಿ ರಾಗಿಯ ಅಕ್ಕಡಿ ಸಾಲಿಗೆ ಆ ಕಾಳೇ ಬಿತ್ತು. ಮೂರು ವಾರ ಕಳೆದು ನೋಡಿದರೆ ಸಾಲಿನ ನಡುನಡುವೆ ಬರಿ ನೆಲ. ಮಳೆ ತಡವಾಗಿದ್ದೂ ಕಾರಣವೆಂದು ತಂದೆ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಬದುವಿನ ಆಚೆ, ಅದೇ ಮಳೆಗೆ, ಅದೇ ವಾರ ಬಿತ್ತಿದ ಅವರೆ ತುಂಬಿ ನಿಂತಿತ್ತು. ಆ ಹುಡುಗಿ ನನ್ನನ್ನು ಕಂಡಾಗ ಏನೂ ಅನ್ನಲಿಲ್ಲ. ಒಂದೆರಡು ತಿಂಗಳು ಶಾಲೆಯಲ್ಲೂ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಳೆಂದು ಮೇಷ್ಟ್ರು ಹೇಳಿದರು. ಅದು ನನಗೆ ಬರಿ ಸಾಲಿಗಿಂತ ಹೆಚ್ಚು ಚುಚ್ಚಿತು.

ಅವಳ ಬಾಯಿ ಮತ್ತೆ ತೆರೆದದ್ದು ಮಕ್ಕಳ ಗ್ರಾಮಸಭೆಯಲ್ಲಿ. ವರ್ಷಕ್ಕೊಮ್ಮೆ ಪಂಚಾಯಿತಿಯವರು ಮಕ್ಕಳನ್ನು ಕೂರಿಸಿಕೊಂಡು ಅಹವಾಲು ಕೇಳುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಬೇರೆ ಮಕ್ಕಳು ಬೀದಿ ದೀಪ ಕೇಳಿದರು, ಕಾಂಪೌಂಡು ಕೇಳಿದರು. ಇವಳು ಎದ್ದು, ‘ನಮ್ಮ ಶಾಲೆಯ ನೀರಿನ ತೊಟ್ಟಿಯನ್ನು ದೊಡ್ಡವರು ಯಾರಾದರೂ ಬರುವ ಹಿಂದಿನ ದಿನ ಮಾತ್ರ ಯಾಕೆ ತೊಳೀತೀರಿ?’ ಎಂದಳು. ಸಭೆ ನಕ್ಕಿತು, ಆದರೆ ಆ ನಗು ಬೇರೆ ಬಗೆಯದು. ಈಗ ತೊಟ್ಟಿಯ ಮೇಲೆ ತೊಳೆದ ತಾರೀಖನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಹೊರಗೆ ಹೋಗುವಾಗ ನೋಡಿ. ಹೋದ ಶನಿವಾರದ ತಾರೀಖಿದೆ.

ಇದನ್ನು ಎದುರು ಮಾತು ಎನ್ನಬಹುದೇ? ಮಕ್ಕಳಿಗೆ ತಮ್ಮ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕಿದೆಯೆಂದು 1989ರಲ್ಲಿ ವಿಶ್ವಸಂಸ್ಥೆ ಒಪ್ಪಂದ ಮಾಡಿತು. ನಮ್ಮ ದೇಶ 1992ರಲ್ಲಿ ಅದಕ್ಕೆ ಸೇರಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಮಕ್ಕಳನ್ನು ಹೊಡೆಯಬಾರದೆನ್ನುತ್ತದೆ. ಮಗು ಅಂಜಿಕೆಯಿಲ್ಲದೆ ತನ್ನ ಅನಿಸಿಕೆ ಹೇಳುವಂತಿರಬೇಕು, ಮಾಡಿ ನೋಡಿ ಕಲಿಯಬೇಕು ಎಂದೂ ಹೇಳುತ್ತದೆ. ಅದೇ ಕಾಯಿದೆ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿಗಳೇ ಇರಬೇಕು, ಒಟ್ಟು ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. ನಮ್ಮ ಸಮಿತಿಯ ತಾಯಂದಿರು ಸಹಿ ಹಾಕಿ ಹೋಗುತ್ತಾರೆ, ಮಾತಾಡುವುದು ಅವರ ಯಜಮಾನರು. ಅದೂ ಸರಿಹೋಗಬೇಕು, ಮಕ್ಕಳು ನೋಡುತ್ತಿರುತ್ತಾರೆ.

ವ್ಯಾನಿಗೆ ಹೇಳಿರುವ ನಾಲ್ಕು ಮನೆಯವರಲ್ಲಿ ನನ್ನ ಅರಿಕೆ ಇಷ್ಟೇ. ಒಂದು ದಿನ, ಬೇಕಾದರೆ ಮಧ್ಯಾಹ್ನದವರೆಗೆ, ಆ ಕೋಣೆಯ ಮೂಲೆಯಲ್ಲಿ ಕೂತು ನೋಡಿ. ನಿಮ್ಮ ಮಗುವಿನ ಕೈಯಲ್ಲಿ ಚಪ್ಪರದ ಮೇಲಿನ ಕಾಗದ ಓದಿಸಿ. ಓದಲು ಬಾರದಿದ್ದರೆ ಮೇಷ್ಟ್ರನ್ನು ಕೇಳಿ, ನನ್ನನ್ನೂ ಕೇಳಿ. ಆಮೇಲೆ ವ್ಯಾನಿನ ತೀರ್ಮಾನ ಮಾಡಿ.

ಬರುವ ಸೋಮವಾರ ಮಕ್ಕಳು ಮತ್ತೆ ಗೋಣಿತಾಟು ಹಾಸುತ್ತಾರೆ. ಅವರೆ, ಅಲಸಂದೆ, ತೊಗರಿ, ರಾಗಿ ಯಾವುದಾದರೂ ಸರಿ, ಬಿತ್ತನೆಗೆ ಇಟ್ಟದ್ದರಲ್ಲಿ ಎರಡು ಹಿಡಿ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಮನೆಯ ಹೆಸರು, ಯಾವ ವರ್ಷದ ಕಾಳು ಎಂಬುದನ್ನು ಬರೆದು ಮಕ್ಕಳ ಕೈಯಲ್ಲಿ ಕಳುಹಿಸಿ. ಆರಿಸಿ ಕಳುಹಿಸಬೇಡಿ, ಚೀಲಕ್ಕೆ ಕೈ ಹಾಕಿದಾಗ ಬಂದದ್ದನ್ನೇ ಕೊಡಿ. ಅದರ ಮುಂದಿನ ಸೋಮವಾರ ಸಂಜೆ ನಾಲ್ಕಕ್ಕೆ ಲೆಕ್ಕ ಓದುತ್ತಾರೆ. ಈ ಸಲ ಓದುವವಳು ಅದೇ ಹುಡುಗಿಯ ತಂಗಿ. ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ.